ನಡುವೆ ಕಂಬ ಬೇಡ ಅಂದ್ರು ಅಪ್ಪ

ಕಲಬುರಗಿಯಲ್ಲಿ ನಮ್ಮದು ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ, ರಿಪೇರಿ ಮಾಡುವ ವರ್ಕ್‌ಶಾಪ್. ಒಳಗೆ 24 ಅಡಿ ಅಗಲ, 32 ಅಡಿ ಉದ್ದ. ತಮ್ಮನ ಮದುವೆಯಾದ ಮೇಲೆ ಮನೆ ಸಾಲಲಿಲ್ಲ. ವರ್ಕ್‌ಶಾಪಿನ ತಗಡಿನ ಪತ್ರಾ ತೆಗೆದು ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ಹಾಕೋಣ ಅಂದುಕೊಂಡೆವು.

ಗೌಂಡಿ ಬಂದವನೇ ನಡುವೆ ಒಂದು ಸಾಲು ಕಂಬ ನಿಲ್ಲಿಸೋಣ ಅಂದ. ಅಪ್ಪ ಒಪ್ಪಲಿಲ್ಲ. "ಕಂಬ ಹಾಕಿದ್ರ ಟ್ರಾಲಿ ಹ್ಯಾಂಗ ತಿರಗಸೂದು?" ಅಂದ್ರು. ಅಲ್ಲಿಗೆ ಕಂಬದ ಮಾತು ಮುಗೀತು.

ನಮ್ಮ ಕಡೆ ಗರ್ಡರ್, ಅಂದರೆ ಕಬ್ಬಿಣದ ತೊಲೆ ಕೂರಿಸಿ ಮೇಲೆ ಶಹಾಬಾದ್ ಫರಸಿ ಕಲ್ಲು ಹಾಸುವುದು ಹಳೆಯ ರೂಢಿ. ಹಾಗಿದ್ದರೆ ಎಂಟು ಇಂಚಿನ ಗರ್ಡರ್ ಸಾಕು, ಎಷ್ಟೋ ಮನೆಗೆ ಹಾಕಿದ್ದೀನಿ ಅಂದ ಗೌಂಡಿ. ನನಗೆ ತಕ್ಷಣ ಮಾಮಾನ ಮನೆ ನೆನಪಾಯಿತು. ಅಲ್ಲೂ ಅವೇ ಗರ್ಡರ್, ಇಪ್ಪತ್ತು ಅಡಿ ಅಗಲ. ಮಾಮಿ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ ಸ್ಟ್ಯಾಂಡಿನಲ್ಲಿದ್ದ ತಾಟುಗಳು ಒಂದಕ್ಕೊಂದು ತಾಗಿ ಸಣ್ಣಗೆ ಗಣಗಣ ಅನ್ನುತ್ತವೆ. ಮನೆ ಬಿದ್ದಿಲ್ಲ, ಬೀಳೋದೂ ಇಲ್ಲ. ಆದರೆ ಅಲ್ಲಿ ಮಲಗಿದಾಗೆಲ್ಲ ಯಾರೋ ಪಕ್ಕದಲ್ಲೇ ನಡೆದ ಹಾಗೆ ನೆಲ ಅದುರುತ್ತದೆ.

ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಬಂದೆ. ಅವರು ಟ್ರಾಲಿಯ ಹಲಗೆ ಮೇಲೆ ಕೂತು ಲೆಕ್ಕ ಹಾಕಿದರು. ಗರ್ಡರ್ ತಡೆಯುತ್ತದಾ ಅನ್ನೋದು ಅರ್ಧ ಪ್ರಶ್ನೆ ಅಷ್ಟೇ, ಎಷ್ಟು ಬಾಗುತ್ತದೆ ಅನ್ನೋದು ಇನ್ನರ್ಧ ಅಂದರು. ಅಡಿಗೆ ಇಷ್ಟು ಅಂತ ಅದೇ ಭಾರ ಇಟ್ಟು ಉದ್ದ ಎರಡು ಪಟ್ಟು ಮಾಡಿದರೆ ಬಾಗುವುದು 16 ಪಟ್ಟು! ನಾಲ್ಕು ಅಡಿಗೊಂದರಂತೆ 200 ಮಿಲಿಮೀಟರ್ ಎತ್ತರದ, ಅಂದರೆ ಗೌಂಡಿ ಹೇಳಿದ ಅದೇ ಎಂಟು ಇಂಚಿನ ಗರ್ಡರ್ ಇಟ್ಟರೆ ನಮ್ಮ 24 ಅಡಿಗೆ ಅದು ಸುಮಾರು 50 ಮಿಲಿಮೀಟರ್ ಬಾಗುತ್ತದೆ, ಭಾರಕ್ಕೂ ಸಾಲದು. 300ರದ್ದು ಹಾಕಿದರೆ 13 ಮಿಲಿಮೀಟರ್. ಉದ್ದವನ್ನು 360ರಿಂದ ಭಾಗಿಸಿದರೆ ಬರುವ 20 ಮಿಲಿಮೀಟರ್ ಒಳಗೇ ಇರಬೇಕು ಅಂತ ಅವರ ಹಟ. ನನಗೆ ಹಿಡಿಸಿದ್ದು ಇನ್ನೊಂದು ಮಾತು. 300ರ ತೂಕ 200ರದ್ದಕ್ಕಿಂತ ಎರಡು ಪಟ್ಟೂ ಇಲ್ಲ, ಆದರೆ ಬಾಗದೆ ನಿಲ್ಲುವ ಬಿಗಿ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಕಬ್ಬಿಣದ ದುಡ್ಡು ಎತ್ತರಕ್ಕೆ ಹಾಕಬೇಕು ಅನ್ನೋದು ದಿನಾ ಕಬ್ಬಿಣ ಕೊಯ್ಯುವ ನನಗೇ ಅಂದು ಸರಿಯಾಗಿ ತಿಳಿಯಿತು.

ಏಳು ಗರ್ಡರ್ ತಂದೆವು. ಎರಡೂ ಗೋಡೆ ಮೇಲೆ ಒಂದೊಂದು ಅಡಿ ಕೂರಬೇಕಲ್ವಾ, ಅದಕ್ಕೆ ಒಂದೊಂದೂ 26 ಅಡಿ, ಸುಮಾರು 350 ಕೆಜಿ. ತುದಿ ಕೂರುವ ಕಡೆ ಮೊದಲೇ ಕಾಂಕ್ರೀಟ್ ದಿಮ್ಮಿ ಹಾಕಿಸಿದ್ದೆವು. ಚೈನ್ ಪುಲ್ಲಿಯಲ್ಲಿ ಎತ್ತುವಾಗ ಅಪ್ಪ ಒಂದು ಮಾತೂ ಆಡಲಿಲ್ಲ, ಏಳನೆಯದು ಕೂತ ಮೇಲೆ ಟವೆಲ್ ಕೊಡವಿ ಚಹಾ ತರಿಸಿದರು. ಗರ್ಡರ್ ತಲೆ, ಅಂದರೆ ಮೇಲಿನ ಪಟ್ಟಿ, 140 ಮಿಲಿಮೀಟರ್ ಅಗಲ, ಎರಡು ಫರಸಿ ಅಲ್ಲೇ ಕೂಡಬೇಕು, ಹಾಗಾಗಿ ಪ್ರತಿ ಕಲ್ಲಿಗೂ ಮೂರು ಇಂಚು ಕೂಡ ಆಸರೆ ಸಿಗುವುದಿಲ್ಲ. ಅಳತೆ ತಪ್ಪಿದ ಎರಡು ಕಲ್ಲನ್ನು ಗೌಂಡಿ ತಾನೇ ಪಕ್ಕಕ್ಕೆ ಇಟ್ಟ.

ಈಗ ಅವ್ವ ಮೇಲೆ ರೊಟ್ಟಿ ಬಡಿಯುತ್ತಾಳೆ, ತಾಟು ಸುಮ್ನೆ ನಿಂತಿರುತ್ತವೆ. ಗ್ರೈಂಡರ್ ಶಬ್ದ ಮಾತ್ರ ಮೇಲಕ್ಕೆ ಜಾಸ್ತಿ ಬರುತ್ತದೆ. ಅದಕ್ಕೇ ಸಂಜೆ ಏಳಕ್ಕೆ ಕೆಲಸ ನಿಲ್ಲಿಸುತ್ತೇವೆ.