ಮೊಸರನ್ನದ ಕೊನೆಯ ತುತ್ತು

ಮಂಗಳವಾರ ರಾತ್ರಿ ಊಟ ಮುಗಿಸಿದ ಅಮ್ಮ ಕೈ ತೊಳೆಯಲು ಬಚ್ಚಲಿಗೆ ಹೋಗಲಿಲ್ಲ, ಹಿತ್ತಲಿಗೆ ಹೋದಳು. ಎಷ್ಟು ಹೊತ್ತಾದರೂ ನೀರಿನ ಸದ್ದು ಬರಲಿಲ್ಲವೆಂದು ಎದ್ದು ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಂಗೈ ಚಾಚಿದ್ದಳು. ಅಂಗೈಯಲ್ಲಿ ಮೊಸರನ್ನ. ಕೆಂಚ ಬೆರಳ ಸಂದಿಯ ಅಗುಳನ್ನೂ ಬಿಡದೆ ನೆಕ್ಕುತ್ತಿದ್ದ. ಬಾಲ ಮಾತ್ರ ಕಲ್ಲಿಗೆ ಟಪ್ ಟಪ್ ಬಡಿಯುತ್ತಿತ್ತು.

ಅವತ್ತು ಕೆಂಚನ ಪಥ್ಯದ 39ನೇ ದಿನ. ಇನ್ನು 17 ದಿನ ಕಳೆದಿದ್ದರೆ ಮುಗಿಯುತ್ತಿತ್ತು.

‘ಅಮ್ಮಾ!’ ಅಂತ ಕೂಗಿದೆ. ಅವಳು ಗಾಬರಿಯಾಗಲಿಲ್ಲ, ಕೈಯನ್ನೂ ಎಳೆದುಕೊಳ್ಳಲಿಲ್ಲ. ‘ಅದು ನನ್ನ ತಟ್ಟೇನೇ ನೋಡ್ತಾ ಕೂತಿದ್ರೆ ನನಗೆ ತುತ್ತು ಗಂಟಲಲ್ಲಿ ಇಳಿಯಲ್ಲ ಕಣೇ’ ಅಂದಳು.

ಆ ಮಾತು ಐದು ದಿನದಿಂದ ನನ್ನ ಕಿವಿಯಲ್ಲೇ ಇದೆ.

ಕೆಂಚನಿಗೆ ಆರು ವರ್ಷ. ಲ್ಯಾಬ್ರಡಾರ್ ನಾಯಿ. ಮೂರು ವರ್ಷದಿಂದ ಅವನ ಕಿವಿ ಸೋರುವುದು, ವಾಸಿಯಾಗುವುದು, ಮತ್ತೆ ಸೋರುವುದು. ಹುಳಿ ಹೆಚ್ಚಾದ ದೋಸೆ ಹಿಟ್ಟಿನಂಥ ವಾಸನೆ, ಕಂದು ಬಣ್ಣದ ಜಿಡ್ಡು ಗುಗ್ಗೆ. ರಾತ್ರಿಯೆಲ್ಲ ತಲೆ ಕೊಡವುತ್ತಿದ್ದ. ಕಿವಿಗಳು ಕೆನ್ನೆಗೆ ಪಟಪಟ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಒಂದು ಸಲ ಎಷ್ಟು ಕೊಡವಿದನೆಂದರೆ ಒಳಗೆ ರಕ್ತನಾಳ ಒಡೆದು ಕಿವಿಯಾಲೆ ಪುಟ್ಟ ದಿಂಬಿನ ಹಾಗೆ ಊದಿಕೊಂಡಿತು. ಅದನ್ನು ಕೊಯ್ದು, ರಕ್ತ ತೆಗೆದು, ಹೊಲಿಗೆ ಹಾಕಿಸಬೇಕಾಯಿತು. ಹೋದ ಕಡೆಯಲ್ಲೆಲ್ಲ ಡ್ರಾಪ್ಸ್ ಬರೆದುಕೊಟ್ಟರು. ಹತ್ತು ದಿನ ಹಾಕಿದರೆ ಎರಡು ತಿಂಗಳು ನೆಮ್ಮದಿ, ಆಮೇಲೆ ಮತ್ತೆ ಅದೇ. ‘ಈ ಜಾತಿಗೆ ಕಿವಿ ಬರೋದೇ ಹಾಗೆ’ ಅಂದರು. ಇವನು ಏನು ತಿನ್ನುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ, ಆದರೆ ಕೇಳಬೇಕಾದವರು ಅವರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಪಕ್ಕದ ಮನೆಯವರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ ಅಂದಾಗ ಸೌಟು ಒಲೆಯ ಮೇಲಿಟ್ಟೂ ಆಗಿತ್ತು. ಯಾಕೋ ಕೈ ಬರಲಿಲ್ಲ. ಒಳಗೆ ತಮಟೆ ಹರಿದಿದ್ದರೆ ಏನಾಗುತ್ತಿತ್ತು ಅಂತ ಈಗ ಯೋಚಿಸಿದರೆ ಮೈ ನಡುಗುತ್ತದೆ.

ಈ ಸಲ ಹೋದದ್ದು ಚರ್ಮದ ಕಾಯಿಲೆಗಳನ್ನೇ ಹೆಚ್ಚಾಗಿ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ. ಅವರು ಹತ್ತಿಯ ಕಡ್ಡಿಯಲ್ಲಿ ಗುಗ್ಗೆ ತೆಗೆದು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನೇರಳೆ ಬಣ್ಣದ ಪುಟ್ಟ ಪುಟ್ಟ ಕಡಲೆಕಾಯಿಗಳು. ಮಲಸೇಜಿಯಾ ಅನ್ನುವ ಯೀಸ್ಟ್ ಅಂತೆ. ‘ಇದು ಚೆನ್ನಾಗಿರೋ ನಾಯಿ ಕಿವಿಯಲ್ಲೂ ನಾಲ್ಕು ಇರತ್ತೆ. ಚರ್ಮ ಕೆಂಪಾಗಿ, ಬಿಸಿಯಾಗಿ, ಜಿಡ್ಡು ಜಾಸ್ತಿ ಆದಾಗ ಹಬ್ಬತ್ತೆ. ಡ್ರಾಪ್ಸ್ ಇದನ್ನ ಸಾಯಿಸತ್ತೆ. ಚರ್ಮ ಯಾಕೆ ಕೆಂಪಾಯ್ತು ಅನ್ನೋದು ಹಾಗೇ ಉಳಿಯತ್ತಲ್ಲ?’ ಅಂದರು. ನಾಯಿಯ ಕಿವಿಯ ಕೊಳವೆ ನಮ್ಮ ಹಾಗೆ ನೇರವಾಗಿಲ್ಲ, ಕೆಳಗಿಳಿದು ಎಲ್ ಅಕ್ಷರದಂತೆ ಒಳಕ್ಕೆ ತಿರುಗುತ್ತದೆ, ಅದರ ಮೇಲೆ ಜೋಲುವ ಕಿವಿಯ ಮುಚ್ಚಳ ಬೇರೆ. ಆಮೇಲೆ ಕೆಂಚನ ಮುಂಗಾಲು ಎತ್ತಿ ಬೆರಳು ಬಿಡಿಸಿದರು. ಸಂದಿಯ ತಿಳಿ ಕೂದಲು ತುಕ್ಕು ಹಿಡಿದ ಹಾಗೆ ಕೆಂಪಗಾಗಿತ್ತು. ನೆಕ್ಕಿ ನೆಕ್ಕಿ ಎಂಜಲಿನ ಬಣ್ಣ ಕೂತಿರುವುದು. ಮೂರು ವರ್ಷ ದಿನಾ ನೋಡಿದ ಕಾಲು. ಅದು ಅವನ ಬಣ್ಣವೇ ಅಂದುಕೊಂಡಿದ್ದೆ.

ರಕ್ತ ಪರೀಕ್ಷೆ ಮಾಡಿಸಲೇ ಅಂದರೆ ಬೇಡವೆಂದರು, ಊಟದ ಅಲರ್ಜಿಗೆ ಅದನ್ನು ನಂಬುವ ಹಾಗಿಲ್ಲ. ಇರುವುದು ಒಂದೇ ದಾರಿ. ಹುಟ್ಟಿದಾಗಿನಿಂದ ಅವನು ತಿಂದೇ ಇಲ್ಲದ ಪದಾರ್ಥ ಹುಡುಕಿ, ಎಂಟು ವಾರ ಅದನ್ನಷ್ಟೇ ಕೊಡಬೇಕು. ನಾಯಿಗಳಿಗೆ ಹೆಚ್ಚಾಗಿ ಆಗದಿರುವುದು ದನದ ಮಾಂಸ, ಹಾಲು, ಕೋಳಿ, ಗೋಧಿ. ಮೊದಲನೆಯದನ್ನು ಬಿಟ್ಟರೆ ಮಿಕ್ಕ ಮೂರೂ ನಮ್ಮ ಕೆಂಚನ ದಿನದ ಊಟ. ಬೆಳಿಗ್ಗೆ ಹಾಲು ಚಪಾತಿ, ಮಧ್ಯಾಹ್ನ ಕೋಳಿ ಅನ್ನ, ರಾತ್ರಿ ಅಮ್ಮನ ಕೈಯ ಮೊಸರನ್ನ.

ಬಂಗುಡೆ, ಗೆಣಸು ಅಂತ ತೀರ್ಮಾನವಾಯಿತು. ನಾವು ಮಾಂಸ ಮೀನು ತಿನ್ನುವವರಲ್ಲ, ಕೋಳಿ ಬೇಯುತ್ತಿದ್ದ ಹಿತ್ತಲ ಒಲೆಯಲ್ಲೇ ಮೀನೂ ಬೇಯಲು ಶುರುವಾಯಿತು. ಬೆಂದ ಬಂಗುಡೆಯ ಬೆನ್ನನ್ನು ಹೆಬ್ಬೆರಳಲ್ಲಿ ಒತ್ತಿ ಸೀಳಿ, ಬಾಲದ ಕಡೆಯಿಂದ ನಡುಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಸಣ್ಣ ಮುಳ್ಳು ಕಣ್ಣಿಗೆ ಬೀಳುವುದಿಲ್ಲ, ಪ್ರತಿ ಎಸಳನ್ನೂ ಬೆರಳಲ್ಲಿ ಹಿಸುಕಿ ನೋಡಬೇಕು. ಬಿಸ್ಕತ್ತು ನಿಂತಿತು. ಮಾಂಸದ ರುಚಿ ಸೇರಿಸಿದ್ದ ಜಂತುಹುಳದ ಮಾತ್ರೆಯನ್ನೂ ಬದಲಿಸಿದರು. ನಾಲ್ಕನೇ ವಾರದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಏನೋ ಇಲ್ಲವಲ್ಲ ಅನ್ನಿಸಿತು. ಪಟಪಟ ಇರಲಿಲ್ಲ. ಇಡೀ ರಾತ್ರಿ ನಾನೂ ಅವನೂ ನಿದ್ದೆ ಮಾಡಿದ್ದೆವು. ಕಿವಿ ಮಗುಚಿ ಮೂಗು ಹತ್ತಿರ ತಂದೆ. ವಾಸನೆಯೇ ಇಲ್ಲ. ಒಳಗೆ ತಿಳಿಗುಲಾಬಿ. ಅಲ್ಲೇ ಕೂತು ಅತ್ತುಬಿಟ್ಟೆ.

ಹೀಗಿದ್ದಾಗ ಆ ಮಂಗಳವಾರ. ಗುರುವಾರ ರಾತ್ರಿ ಎರಡೂವರೆಗೆ ಮತ್ತೆ ಪಟಪಟ. ಶುಕ್ರವಾರ ಎಡಗಿವಿ ಕೆಂಪು. ಫೋನ್ ಮಾಡಿದರೆ ಡಾಕ್ಟರಮ್ಮ ಬೈಯಲಿಲ್ಲ. ‘ಒಂದು ತುತ್ತೂ ಸಾಕಾಗಬಹುದು. ಆದ್ರೆ ಹಾಲೇ ಕಾರಣ ಅಂತ ಈಗಲೇ ಹೇಳೋಕಾಗಲ್ಲ. ಮತ್ತೆ ಒಂದನೇ ದಿನದಿಂದ ಶುರು ಮಾಡಿ. ಪೂರ್ತಿ ಗುಣವಾದ ಮೇಲೆ ಹಾಲೊಂದನ್ನೇ ಕೊಟ್ಟು ಎರಡು ವಾರ ಕಾಯೋಣ’ ಅಂದರು.

ಫೋನಿಟ್ಟು ನೇರ ಅಮ್ಮನ ಕೋಣೆಗೆ ಹೋಗಿ ಅಂದುಬಿಟ್ಟೆ: ‘ನೋಡು, ನೀನೇ ಮಾಡಿದ್ದು. ಮೂರು ವರ್ಷದಿಂದ ನೀನೇ ಮಾಡ್ತಾ ಇದ್ದೆಯೋ ಏನೋ.’

ಅನ್ನಬಾರದಿತ್ತು. ದಿನಾ ಕೋಳಿ ಬೇಯಿಸಿದವಳು ನಾನು, ಹಾಲು ಚಪಾತಿ ಕಲಸಿದವಳು ನಾನು. ನನ್ನ ತಪ್ಪನ್ನೂ ಅವಳ ಅಂಗೈಗೆ ಹಾಕಿದೆ.

ಲ್ಯಾಬ್ರಡಾರ್‌ಗಳ ವಿಚಾರವಾಗಿ 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಕಂಡುಕೊಂಡದ್ದನ್ನೂ ಹೇಳಿದೆ. ಆ ಜಾತಿಯ ಸುಮಾರು ಕಾಲುಭಾಗ ನಾಯಿಗಳಲ್ಲಿ ಹಸಿವನ್ನು ಹದದಲ್ಲಿಡುವ ಒಂದು ಜೀನಿನ ತುಂಡೇ ಇರುವುದಿಲ್ಲ, ಅವು ಹೊಟ್ಟೆ ತುಂಬಿದ್ದರೂ ಹಾಗೆಯೇ ನೋಡುತ್ತವೆ, ಅದನ್ನು ಹಸಿವು ಅಂದುಕೊಳ್ಳಬೇಡ ಅಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ‘ಇರಬಹುದು. ನೋಡಿಸಿಕೊಳ್ಳೋರಿಗೆ ಅದೆಲ್ಲ ಗೊತ್ತಾಗಲ್ಲ’ ಅಂದಳು.

ಸ್ವಲ್ಪ ಹೊತ್ತು ಬಿಟ್ಟು, ಕಿಟಕಿ ಕಡೆ ತಿರುಗಿಕೊಂಡೇ ಹೇಳಿದಳು: ‘ನಿಮ್ಮಪ್ಪನಿಗೆ ಒಂಬತ್ತು ವರ್ಷ ಬೇಡ ಬೇಡ ಅಂತಲೇ ಬಡಿಸಿದೆ. ಕೊನೇ ಯುಗಾದಿ ದಿನ ನನ್ನ ಎಲೆ ಕಡೆ ನೋಡಿದ್ರು. ಬಾಯಿಬಿಟ್ಟು ಕೇಳಲಿಲ್ಲ. ನಾನು ಒಬ್ಬಟ್ಟಿನ ಮೇಲೆ ಅನ್ನ ಎಳೆದು ಮುಚ್ಚಿದೆ.’

ನಾನೂ ಆ ಪಂಕ್ತಿಯಲ್ಲಿದ್ದೆ. ನನಗೆ ಕಂಡಿರಲಿಲ್ಲ. ಅಪ್ಪ ಹೋಗಿ ಏಳು ವರ್ಷವಾಯಿತು, ಒಂದು ದಿನವೂ ಅವಳು ಈ ಮಾತು ಎತ್ತಿರಲಿಲ್ಲ. ನೋಡುತ್ತಿರುವವರಿಗೆ ಕೊಡದೆ ತಿಂದರೆ ದೃಷ್ಟಿಯಾಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅಮ್ಮನದ್ದೂ ಅದೇ ಹಳೇ ನಂಬಿಕೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅಪ್ಪನ ಸಕ್ಕರೆ ಕಾಯಿಲೆಗೆ ಅವಳು ತೋರಿಸಿದ ಶಿಸ್ತು ಸರಿಯಾಗಿಯೇ ಇತ್ತು. ಅದರಿಂದಲೇ ಅವರು ಕಾಲು, ಕಣ್ಣು ಉಳಿಸಿಕೊಂಡು ಅಷ್ಟು ವರ್ಷ ಓಡಾಡಿದರು ಅಂತ ನಾನು ಇವತ್ತಿಗೂ ನಂಬುತ್ತೇನೆ. ಅಮ್ಮನಿಗೂ ಅದು ಗೊತ್ತು. ಆದರೂ ಅವಳ ಕಣ್ಣಲ್ಲಿ ಉಳಿದಿರುವುದು ಅನ್ನದ ಅಡಿಯ ಆ ಒಬ್ಬಟ್ಟು. ಸರಿಯಾದದ್ದನ್ನೇ ಮಾಡಿಯೂ ಮನುಷ್ಯರು ಹೀಗೆ ನೋಯುತ್ತಾರೆ, ಯಾವ ಡಾಕ್ಟರ ಚೀಟಿಯಲ್ಲೂ ಅದಕ್ಕೆ ಜಾಗವಿಲ್ಲ. ಕಾಯಿಲೆಯವರಿಗೆ ಪಥ್ಯ ಹೇಳುತ್ತೇವೆ. ಬಡಿಸುವ ಕೈ ಏನು ಮಾಡಬೇಕು ಅಂತ ಯಾರು ಹೇಳುತ್ತಾರೆ? ‘ಕೊಡಬೇಡ’ ಅಂತ ಅಮ್ಮನಿಗೆ ಎಷ್ಟು ಸಲ ಹೇಳಿದೆನೋ, ಕೊಡದೆ ಹೇಗೆ ತಿನ್ನುತ್ತೀಯಮ್ಮ ಅಂತ ಒಂದು ಸಲವೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಗೋಡೆಯ ಪಂಚಾಂಗದಲ್ಲಿ ಅಮ್ಮನೇ ಒಂದು ಅಂತ ಬರೆದಿದ್ದಳು. ಅವತ್ತಿನಿಂದ ಅವಳ ಊಟ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು. ಕೆಂಚ ಹೊರಗೆ ಹೊಟ್ಟೆಯ ಮೇಲೆ ಮಲಗಿ ಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿಕೊಂಡಿರುತ್ತಾನೆ. ಅವನ ಉಸಿರಿಗೆ ಅಲ್ಲಿನ ರೆಡ್ ಆಕ್ಸೈಡ್ ನೆಲದ ಮೇಲೆ ಅಂಗೈಯಗಲ ಮಂಜು ಕೂರುತ್ತದೆ, ಆರುತ್ತದೆ.

ಇವತ್ತು ಮಧ್ಯಾಹ್ನ ಒಳಗಿನಿಂದ ಕೇಳಿದಳು, ‘ಹೋದನೇನೇ?’

‘ಇಲ್ಲಮ್ಮ, ಇಲ್ಲೇ ಇದ್ದಾನೆ.’

ತಟ್ಟೆಗೆ ಕೈ ತಾಗುವ ಸದ್ದು ನಿಂತಿತು. ಆಮೇಲೆ, ‘ಗೆಣಸು ಬೆಂದಿದ್ರೆ ಒಂದು ಹೋಳು ಆರಿಸಿ ತಾ. ಕೈ ತೊಳೆದು ನಾನೇ ಕೊಡ್ತೀನಿ’ ಅಂದಳು.