ಟೆಂಡರಿನಲ್ಲಿ ನಾನು ಬರೆದ ಎರಡು ಸಾಲು

ನೆದರ್‌ಲ್ಯಾಂಡ್ಸಿನ ಬಂದರಿಗೆ ಹತ್ತಿರದ ಒಂದು ನಗರಪಾಲಿಕೆಯಲ್ಲಿ ಕಾಮಗಾರಿಗಳ ಟೆಂಡರ್ ದಾಖಲೆ ಬರೆಯುವುದು ನನ್ನ ಕೆಲಸ. ಕೆಲವು ವರ್ಷದ ಹಿಂದೆ ಸೈಕಲ್ ಸೇತುವೆಯೊಂದರ ಹಲಗೆಗೆ ಹೀಗೆ ಬರೆದಿದ್ದೆ: "ಎಫ್‌ಎಸ್‌ಸಿ ಮುದ್ರೆಯ ಮರವನ್ನೇ ಬಳಸಬೇಕು." ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದ ಮರ ಎಂದು ಹೇಳುವ ಮುದ್ರೆ ಅದು. ಕಾಡು ಉಳಿಯಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಪ್ರಶ್ನೆ ಕೇಳುವ ಗಡುವಿನ ಕೊನೆಯ ದಿನ ಜರ್ಮನಿಯ ಗುತ್ತಿಗೆದಾರರೊಬ್ಬರು ಬರೆದರು: ನಮ್ಮ ಮರಕ್ಕೆ ಪಿಇಎಫ್‌ಸಿ ಎಂಬ ಅಂಥದ್ದೇ ಇನ್ನೊಂದು ಪ್ರಮಾಣಪತ್ರವಿದೆ, ನಾವು ಯಾಕೆ ಬೇಡ? ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನು ವಿಭಾಗದ ಸಹೋದ್ಯೋಗಿ ಬಂದು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, "ಕಾಫಿ ಮೆಷಿನ್ ಕೇಸು ಓದಿದ್ದೀರಾ?" ಅಂದರು.

ಅಂದು ರಾತ್ರಿ ಓದಿದೆ. ಇದೇ ದೇಶದ ನಾರ್ತ್ ಹಾಲೆಂಡ್ ಪ್ರಾಂತ್ಯ ಕಾಫಿ, ಚಹಾ ಯಂತ್ರಗಳ ಟೆಂಡರಿನಲ್ಲಿ ನ್ಯಾಯಯುತ ವ್ಯಾಪಾರದ ಮ್ಯಾಕ್ಸ್ ಹಾವೆಲಾರ್, ಸಾವಯವ ಬೆಳೆಯ ಇಕೆಓ ಲೇಬಲ್ಲುಗಳನ್ನು ಹೆಸರಿಸಿತ್ತು. 2012ರ ಮೇ 10ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪರಿಸರದ ಷರತ್ತು ಹಾಕಿದ್ದು ತಪ್ಪಲ್ಲ, ಏನು ಬೇಕೆಂದು ಬಿಡಿಸಿ ಹೇಳದೆ ಲೇಬಲ್ಲನ್ನೇ ಕೇಳಿದ್ದು ತಪ್ಪು. ಸರ್ಕಾರಿ ಖರೀದಿಯ ಬಗ್ಗೆ ಒಕ್ಕೂಟ ಹೊರಡಿಸಿದ 2014ರ ನಿರ್ದೇಶನದ 43ನೇ ಕಲಮು ಈಗ ಲೇಬಲ್ ಕೇಳಲು ಬಿಡುತ್ತದೆ, ಆದರೆ ಅದಕ್ಕೆ ಸಮನಾದದ್ದನ್ನು ತಂದವರನ್ನೂ ಒಪ್ಪಿಕೊಳ್ಳಬೇಕು.

ತಿದ್ದುಪಡಿ ಹೊರಡಿಸಿದೆವು. ಮರ ಯಾವ ಕಾಡಿನದು, ಆ ಕಾಡನ್ನು ಹೇಗೆ ನೋಡಿಕೊಳ್ಳುತ್ತಾರೆ, ಅಲ್ಲಿಂದ ಸೇತುವೆಯವರೆಗೆ ಪ್ರತಿ ಕೈಬದಲಿಗೂ ಕಾಗದವಿದೆಯೇ ಎಂದೆಲ್ಲ ಬರೆಯುತ್ತ ಒಂದು ಸಾಲು ಒಂದೂವರೆ ಪುಟವಾಯಿತು. ಬಿಡ್ಡಿನ ಗಡುವು ಎರಡು ವಾರ ಮುಂದೆ ಹೋಯಿತು.

ಎರಡನೆಯ ಸಾಲು ಇದಕ್ಕಿಂತ ಕೆಟ್ಟದ್ದು: "ಕಾಂಕ್ರೀಟಿನ ಜಲ್ಲಿ ನೂರು ಕಿಲೋಮೀಟರಿನೊಳಗಿನಿಂದ ಬರಬೇಕು." ಲಾರಿ ಹೊಗೆ ಕಡಿಮೆಯಾಗಲಿ ಎಂದೇ ಬರೆದದ್ದು. ಆದರೆ ಅದು ಸುತ್ತಮುತ್ತಲಿನವರಿಗೆ ಕೊಟ್ಟ ಮೀಸಲಾತಿ, ಹೊರದೇಶದವರಿಗೆ ಮುಚ್ಚಿದ ಬಾಗಿಲು. ಅದನ್ನು ಹೊಡೆದುಹಾಕಿ ಎಂಕೆಐ ಲೆಕ್ಕ ಕೇಳಿದೆವು. ಕ್ವಾರಿಯಿಂದ ಸೈಟಿನವರೆಗಿನ ಸಾಗಣೆಯನ್ನೂ ಸೇರಿಸಿ ಪರಿಸರದ ಹಾನಿಯನ್ನು ಯುರೋ ಲೆಕ್ಕಕ್ಕೆ ತರುವ ಇಲ್ಲಿನ ಪದ್ಧತಿ ಅದು. ಹಳೆಯ ದರದಲ್ಲಿ ಒಂದು ಕಿಲೋ ಕಾರ್ಬನ್ ಡೈಆಕ್ಸೈಡಿಗೆ 5 ಸೆಂಟ್. ಎಲ್ಲರಿಗೂ ಒಂದೇ ಅಳತೆಗೋಲು, ಈ ಹಾನಿಯ ಮೊತ್ತ ಕಡಿಮೆಯಿದ್ದವರ ಬಿಡ್ಡಿಗೆ ಮೌಲ್ಯಮಾಪನದಲ್ಲಿ ರಿಯಾಯಿತಿ.

ಲಕೋಟೆ ತೆರೆದಾಗ ನಾರ್ವೆಯ ಜಲ್ಲಿಯ ಬಿಡ್ಡೂ ಇತ್ತು. ಟನ್ನಿಗೆ, ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಹಡಗು ಲಾರಿಗಿಂತ ಎಷ್ಟೋ ಕಡಿಮೆ ಇಂಗಾಲ ಬಿಡುತ್ತದೆ. ಸಮುದ್ರ ದಾಟಿ ಬರುವ ಆ ಜಲ್ಲಿಯ ಸಾಗಣೆ ಲೆಕ್ಕ, ತೊಂಬತ್ತು ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ಬರುವುದಕ್ಕಿಂತ ಕಡಿಮೆ ಇತ್ತು. ನನ್ನ ಹಳೆಯ ಸಾಲು ಉಳಿದಿದ್ದರೆ ಆ ಲಕೋಟೆ ನಮ್ಮ ಮೇಜಿಗೆ ಬರುತ್ತಲೇ ಇರಲಿಲ್ಲ.