ವಾಲ್ಕಿರಿಯರ ಮಗ್ಗ, ಐಸ್‌ಲ್ಯಾಂಡಿನ ಉಣ್ಣೆ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೆಪ್ಟೆಂಬರ್ ಮಳೆ ಅಡ್ಡಡ್ಡ ಬೀಸುತ್ತಿತ್ತು. ಸ್ಕೋಲವೋರ್ದುಸ್ತೀಗುರ್ ಎಂಬ ಏರು ಬೀದಿಯಲ್ಲಿ ಕೈಹೆಣಿಗೆ ಸಂಘದ ಅಂಗಡಿಯಿದೆ. 1977ರಲ್ಲಿ ಶುರುವಾದ ಸಂಘ ಇದು. ನಾನು ಹುಡುಕಿಕೊಂಡು ಹೋಗಿದ್ದು ಲೋಪಿ ಉಣ್ಣೆಗಾಗಿ. ಇಲ್ಲಿನ ಕುರಿಗಳಿಗೆ ಎರಡು ಪದರ ಕೂದಲು. ಹೊರಗಿನ ಉದ್ದನೆಯ 'ತೋಗ್' ನೀರನ್ನು ಜಾರಿಸುತ್ತದೆ. ಒಳಗಿನ ಮೆತ್ತನೆಯ 'ಥೆಲ್' ಬೆಚ್ಚಗಿಡುತ್ತದೆ. ಎರಡನ್ನೂ ಸೇರಿಸಿದ್ದೇ ಲೋಪಿ. ಅದರಲ್ಲಿ ನೂಲದೇ ಇರುವ ಒಂದು ಬಗೆಯನ್ನು ಕೊಂಡೆ. ಹಿಂಜಿದ ಉಣ್ಣೆಯ ಸಡಿಲ ಎಳೆ ಅಷ್ಟೇ, ಜೋರಾಗಿ ಎಳೆದರೆ ಹರಿದುಹೋಗುತ್ತದೆ.

ಕುತ್ತಿಗೆಯ ಸುತ್ತ ಚಿತ್ತಾರವಿರುವ ಅಲ್ಲಿನ ಸ್ವೆಟರ್ ವೈಕಿಂಗ್ ಕಾಲದ್ದು ಅಂದುಕೊಂಡಿದ್ದೆ. ಅಲ್ಲ, ಅದು ಬಂದಿದ್ದು 20ನೇ ಶತಮಾನದ ನಡುವೆ. ಹಳೆಯ ಕಾಲದಲ್ಲಿ ಇಲ್ಲಿ ಹೆಣಿಗೆಯೇ ಇರಲಿಲ್ಲ, ನೇಯ್ಗೆ ಇತ್ತು. ಮಗ್ಗವನ್ನು ಗೋಡೆಗೆ ಒರಗಿಸಿ, ಹಾಸಿನ ಎಳೆಗಳ ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದರು. ಕತ್ತಿಯಂಥ ಪಟ್ಟಿಯಿಂದ ಹೊಕ್ಕನ್ನು ಮೇಲಕ್ಕೆ ಬಡಿಯುತ್ತಿದ್ದರು.

ಈ ಮಗ್ಗ ಗೊತ್ತಾದ ಮೇಲೇ ನನಗೆ ನಾರ್ಸ್ ಪುರಾಣದ ವಾಲ್ಕಿರಿಯರು ಅರ್ಥವಾಗಿದ್ದು. ಕುದುರೆ ಏರಿ, ಯುದ್ಧದಲ್ಲಿ ಸಾಯುವವರನ್ನು ಆರಿಸುವ ಹೆಂಗಸರು ಅಂತ ಎಲ್ಲರೂ ಹೇಳುತ್ತಾರೆ. ಆದರೆ 13ನೇ ಶತಮಾನದ ಐಸ್‌ಲ್ಯಾಂಡಿನ ಗದ್ಯಕಥೆ 'ನ್ಯಾಲನ ಸಾಗಾ'ದಲ್ಲಿ ಅವರು ನೇಯುತ್ತಾರೆ! 1014ರ ಗುಡ್ ಫ್ರೈಡೇ. ಐರ್ಲೆಂಡಿನ ಕ್ಲಾಂಟಾರ್ಫ್‌ನಲ್ಲಿ ಯುದ್ಧ. ಅದೇ ದಿನ ಸ್ಕಾಟ್ಲೆಂಡಿನ ಕೇತ್ನೆಸ್‌ನಲ್ಲಿ ಒಬ್ಬ ಕಿಟಕಿಯಲ್ಲಿ ಇಣುಕುತ್ತಾನೆ. ಒಳಗೆ ಮಗ್ಗದ ಮುಂದೆ ಹಾಡುತ್ತಾ ನಿಂತ ಹೆಂಗಸರು. ಹಾಸು ಹೊಕ್ಕು ಎರಡೂ ಮನುಷ್ಯರ ಕರುಳು. ಕಲ್ಲಿನ ಬದಲು ತಲೆಗಳು. ಬಡಿಯಲು ನಿಜವಾದ ಕತ್ತಿ. ಅವರು ನೇಯ್ದಂತೆ ಅತ್ತ ಕ್ಲಾಂಟಾರ್ಫ್‌ನಲ್ಲಿ ಯುದ್ಧ ನಡೆಯುತ್ತದೆ. ನಾನು ಓದಿದ ಯುದ್ಧದ ಹಾಡುಗಳಲ್ಲಿ ಇಷ್ಟು ಮೈ ನಡುಗಿಸಿದ್ದು ಬೇರೆ ಇಲ್ಲ. ಇದನ್ನು ಕಟ್ಟಿದವರಿಗೆ ಮಗ್ಗದ ಕೆಲಸ ಚೆನ್ನಾಗಿ ಗೊತ್ತಿತ್ತು, ಅಲ್ವಾ?

ಮರುದಿನ ಬಸ್ಸು ಹಿಡಿದು ಹ್ವೋಲ್ಸ್‌ವೋತ್ಲುರ್‌ಗೆ ಹೋದೆ. ನ್ಯಾಲನ ಕಥೆ ನಡೆಯುವ ಸೀಮೆ ಇದು. ಇಲ್ಲಿ 2013ರಲ್ಲಿ ಶುರುಮಾಡಿ, ಆ ಇಡೀ ಕಥೆಯನ್ನು 90 ಮೀಟರ್ ಬಟ್ಟೆಯ ಮೇಲೆ ಉಣ್ಣೆ ದಾರದ ಕಸೂತಿಯಲ್ಲಿ ತುಂಬಿದ್ದಾರೆ. ಊರಾಚೆ ಬಯಲಲ್ಲಿ ಕುರಿಗಳು ಮಳೆಗೆ ಬೆನ್ನು ಕೊಟ್ಟು ಸುಮ್ನೆ ಮೇಯುತ್ತಿದ್ದವು. ತುಂಬಾ ಹೊತ್ತು ಅಲ್ಲೇ ನಿಂತೆ.

ಹಾಡು ಮುಗಿದ ಮೇಲೆ ವಾಲ್ಕಿರಿಯರು ಬಟ್ಟೆಯನ್ನು ಹರಿದು ಹಂಚಿಕೊಳ್ಳುತ್ತಾರೆ. ಆರು ಜನ ದಕ್ಷಿಣಕ್ಕೆ, ಆರು ಜನ ಉತ್ತರಕ್ಕೆ ಕುದುರೆ ಓಡಿಸುತ್ತಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಲೋಪಿಯಿಂದ ಹೆಣಿಗೆ ಶುರುಮಾಡಿದೆ. ದಾರಿಯ ಸೆಲ್‌ಫಾಸ್ ಊರು ಬರುವಷ್ಟರಲ್ಲಿ ಎಳೆ ಎರಡು ಸಲ ಹರಿಯಿತು. ತುದಿಗಳನ್ನು ಒಂದರ ಮೇಲೊಂದು ಇಟ್ಟು, ಅಂಗೈ ಒದ್ದೆ ಮಾಡಿ ಉಜ್ಜಿದೆ. ಕೂಡಿಕೊಂಡಿತು.